ಡೈನೊ ಮೇಲೆ ಟರ್ಬೊ ಕಾರು: ಅಂಕಿ ಎಲ್ಲಿ ದಾರಿ ತಪ್ಪುತ್ತೆ?

ಡೈನೊ ಅಂದರೆ ಕಾರಿನ ಚಕ್ರಗಳನ್ನು ರೋಲರ್ ಮೇಲೆ ಓಡಿಸಿ ಶಕ್ತಿ ಅಳೆಯುವ ಯಂತ್ರ. ಅದರ ಮೇಲೆ ಒಂದೇ ಕಾರು, ಒಂದೇ ಪೆಟ್ರೋಲು, ಬೆನ್ನುಬೆನ್ನಿಗೆ ಮೂರು ರನ್. ಮೂರನೆಯದರಲ್ಲಿ 15 ಎಚ್‌ಪಿ ಕಮ್ಮಿ ಬಂದರೆ ಎಂಜಿನ್ ಕೆಟ್ಟಿದೆ ಅಂದುಕೊಳ್ಳಬೇಡಿ, ಟರ್ಬೊದಿಂದ ಬರುವ ಗಾಳಿ ತಣಿಸುವ ಇಂಟರ್‌ಕೂಲರ್ ಬಿಸಿಯಾಗಿರುತ್ತೆ. ರಸ್ತೆಯಲ್ಲಿ 150 ಕಿ.ಮೀ. ವೇಗಕ್ಕೆ ಬೀಸುವ ಗಾಳಿಯನ್ನು ಮೂತಿ ಮುಂದಿಟ್ಟ ಫ್ಯಾನ್ ಕೊಡಲಾರದು. ಒಳಗಾಳಿಯ ಬಿಸಿ ಏರಿದಂತೆ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಇಗ್ನಿಷನ್ ಟೈಮಿಂಗ್ ಹಿಂದಕ್ಕೆಳೆಯುತ್ತೆ, ಅಂದರೆ ಕಿಡಿಯನ್ನು ತಡಮಾಡುತ್ತೆ, ಎಷ್ಟೋ ಸಲ ಬೂಸ್ಟನ್ನೂ (ಟರ್ಬೊ ಗಾಳಿಯ ಒತ್ತಡ) ಇಳಿಸುತ್ತೆ. ಇನ್‌ಟೇಕ್ (ಒಳಗಾಳಿ) ತಾಪಮಾನದ ದಾಖಲೆ ಇಲ್ಲದ ಗ್ರಾಫ್ ನನ್ನ ಲೆಕ್ಕದಲ್ಲಿ ಬರೀ ಚಿತ್ರ.

ಬೇಕಾದಾಗ ಇನ್ನೊಂದು ಜೋಡಿ ಚಕ್ರಕ್ಕೂ ಶಕ್ತಿ ಕಳಿಸುವ ಹಾಲ್ಡೆಕ್ಸ್ ತರಹದ ಕ್ಲಚ್ ಇರುವ ಆಲ್ ವೀಲ್ ಡ್ರೈವ್ ಕಾರನ್ನು ಎರಡು ಚಕ್ರದ ಡೈನೊಗೆ ಹತ್ತಿಸಲೇಬೇಡಿ. ನಿಂತ ಚಕ್ರಕ್ಕೂ ಟಾರ್ಕ್ ಹೋಗಿ ಕಾರು ರೋಲರಿನಿಂದ ಹಾರಬಹುದು. ನಾಲ್ಕು ಚಕ್ರದ ಡೈನೊದಲ್ಲೂ ಹಿಂದಿನ ಮುಂದಿನ ರೋಲರ್‌ಗಳ ವೇಗ ಹೊಂದದಿದ್ದರೆ ಕ್ಲಚ್ ಬಿಸಿಯಾಗುತ್ತೆ, ಇಎಸ್‌ಪಿ (ಕಾರು ಜಾರದಂತೆ ತಡೆಯುವ ವ್ಯವಸ್ಥೆ) ಥ್ರಾಟಲ್ ಮುಚ್ಚುತ್ತೆ. ಬಟನ್ ಒತ್ತಿದರೆ ಅನೇಕ ಕಾರುಗಳಲ್ಲಿ ಇಎಸ್‌ಪಿ ಪೂರ್ತಿ ಆಫ್ ಆಗಲ್ಲ. ಡೈನೊ ಮೋಡ್ ಇದೆಯಾ ನೋಡಿ.

ಆಟೊಮ್ಯಾಟಿಕ್ ಆದರೆ ಮ್ಯಾನ್ಯುವಲ್ ಮೋಡ್. ಪೆಡಲ್ ತಳದ ಕಿಕ್‌ಡೌನ್ ಸ್ವಿಚ್ 'ಟಕ್' ಅನ್ನುವ ಮುಂಚೆಯೇ ಕಾಲು ನಿಲ್ಲಿಸಿ, ಇಲ್ಲದಿದ್ದರೆ ರನ್ ಮಧ್ಯೆ ಗೇರ್ ಬದಲಾಗುತ್ತೆ. ಕಾರನ್ನು ಡೈನೊಗೆ ಕಟ್ಟುವ ಬೆಲ್ಟ್ ಅತಿಯಾಗಿ ಬಿಗಿದರೆ ಟೈರೇ ಶಕ್ತಿ ನುಂಗುತ್ತೆ. ಸಡಿಲವಾದರೆ ಜಾರಿ, ಗ್ರಾಫ್ ಗರಗಸದ ಹಲ್ಲಾಗುತ್ತೆ.

ಬೆಂಗಳೂರಿನವರಿಗೆ ಇನ್ನೊಂದು ಬಲೆ. ಸುಮಾರು 900 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ 910 ಮಿಲಿಬಾರ್ ಆಸುಪಾಸು. ಹವೆಗೆ ತಕ್ಕಂತೆ ಅಂಕಿ ತಿದ್ದುವ ಎಸ್‌ಎಇ ಜೆ1349 ಸೂತ್ರ ಅದನ್ನು ನೋಡಿ ಅಳೆದ ಶಕ್ತಿಗೆ ಸುಮಾರು 10% ಸೇರಿಸುತ್ತೆ. ಟರ್ಬೊ ಕಾರಿನ ಇಸಿಯು ಬೂಸ್ಟ್ ಹೆಚ್ಚಿಸಿ ಆ ಕೊರತೆಯನ್ನು ಬಹುಪಾಲು ಆಗಲೇ ತುಂಬಿಸಿರುತ್ತೆ. ಹಾಗಾಗಿ ತಿದ್ದದ ಅಂಕಿಯನ್ನೂ ಕೇಳಿ ಪಡೆಯಿರಿ.