ಹಳ್ಳ ಕೆಟ್ಟರೆ ದುಡ್ಡು ಯಾವ ಖಾತೆಯಿಂದ?

ಯಾದಗಿರಿಯ ಕಡೇಚೂರು ಇರಲಿ, ಬೀದರಿನ ಕೊಳಾರ ಇರಲಿ, ಕೈಗಾರಿಕಾ ಪ್ರದೇಶದ ಪಕ್ಕದ ಹಳ್ಳದ ನೀರು ಬಣ್ಣ ತಿರುಗಿದರೆ ಊರಿನವರು ಮೊದಲು ಬರೆಯುವುದು ‘ಸರ್ಕಾರ ಪರಿಹಾರ ಕೊಡಲಿ’ ಎಂಬ ಮನವಿ. ಆದರೆ ಬೊಕ್ಕಸಕ್ಕಿಂತ ಮೊದಲು ಕೆಡಿಸಿದವರಿಂದಲೇ ವಸೂಲಿ ಮಾಡುವ ದಾರಿಯಿದೆ. ಅದಕ್ಕೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸೂತ್ರವೇ ಇದೆ: ಮಾಲಿನ್ಯ ಸೂಚ್ಯಂಕ, ಉಲ್ಲಂಘನೆಯ ದಿನಗಳು, ದರ, ಘಟಕದ ಗಾತ್ರ, ಸ್ಥಳ, ಈ ಐದರ ಗುಣಲಬ್ಧ.

ಕೆಂಪು ವರ್ಗದ, ಅಂದರೆ ಹೆಚ್ಚು ಮಾಲಿನ್ಯ ಮಾಡುವ ಬಗೆಯ, ಮಧ್ಯಮ ಘಟಕಕ್ಕೆ ಸೂಚ್ಯಂಕ 80, ದರ ಸಾಮಾನ್ಯವಾಗಿ 250 ರೂಪಾಯಿ, ಗಾತ್ರಕ್ಕೆ 1, ಹತ್ತು ಲಕ್ಷಕ್ಕಿಂತ ಕಡಿಮೆ ಜನರಿರುವ ನಮ್ಮ ಊರುಗಳಿಗೆ ಸ್ಥಳಾಂಕವೂ 1. ಅಂದರೆ ದಿನಕ್ಕೆ 20,000 ರೂಪಾಯಿ. ಸಣ್ಣ ಘಟಕಕ್ಕೆ ಅದರ ಅರ್ಧ, ದೊಡ್ಡದಕ್ಕೆ ಒಂದೂವರೆ ಪಟ್ಟು. ಇದರಲ್ಲಿ ನಮ್ಮ ಕೈಲಿರುವುದು ದಿನಗಳ ಲೆಕ್ಕ ಮಾತ್ರ. ಉಲ್ಲಂಘನೆ ದಾಖಲಾಗದ ದಿನಕ್ಕೆ ಬಿಡಿಗಾಸೂ ಹುಟ್ಟುವುದಿಲ್ಲ. ಆದ್ದರಿಂದ ವಾಸನೆ ಬಂದ ದಿನವೇ ರಾಜ್ಯ ಮಂಡಳಿಯ ಪ್ರಾದೇಶಿಕ ಅಧಿಕಾರಿಗೆ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.

ಪ್ರಕರಣಗಳು ಸೋಲುವುದು ನೀರಿನ ಮಾದರಿ ತೆಗೆಯುವ ಹಂತದಲ್ಲಿ. ನೀವು ಬಾಟಲಿಯಲ್ಲಿ ತುಂಬಿಟ್ಟ ನೀರು ಅಧಿಕಾರಿಯನ್ನು ಕರೆಸಲು ಸಾಕು, ನ್ಯಾಯಾಲಯಕ್ಕೆ ಸಾಲದು. 1974ರ ಜಲ ಕಾಯ್ದೆಯ 21ನೇ ಕಲಮಿನ ಪ್ರಕಾರ ಕಾರ್ಖಾನೆಯವರಿಗೆ ಅಲ್ಲೇ ನೋಟಿಸು ಕೊಟ್ಟು, ಅವರೆದುರು ಮಾದರಿಯನ್ನು ಎರಡು ಪಾಲು ಮಾಡಿ, ಮೊಹರು ಹಾಕಿ, ಸಹಿ ಮಾಡಬೇಕು. ಈ ಕ್ರಮ ತಪ್ಪಿದರೆ ವರದಿ ಎಷ್ಟೇ ಗಂಭೀರವಾಗಿದ್ದರೂ ಸಾಕ್ಷ್ಯವಾಗದು.

ಮೀನು ಸತ್ತಿದ್ದರೆ ಇನ್ನೂ ಅವಸರ ಬೇಕು. ಕೊಳೆತ ಮೀನಿನಿಂದ ಏನೂ ತಿಳಿಯದು. ಏದುಸಿರು ಬಿಡುತ್ತಿರುವ ಅಥವಾ ಆಗಷ್ಟೇ ಸತ್ತ ಮೀನು ಬೇಕು, ಮಂಜುಗಡ್ಡೆಯಲ್ಲಿ. ಕರಗಿದ ಆಮ್ಲಜನಕವನ್ನು ದಂಡೆಯಲ್ಲೇ ಮೀಟರಿನಿಂದ ಅಳೆಯಬೇಕು. ಲೋಹದ ಪರೀಕ್ಷೆಯ ಬಾಟಲಿಗೆ ನೈಟ್ರಿಕ್ ಆಮ್ಲ ಹಾಕದಿದ್ದರೆ ಲೋಹ ಗೋಡೆಗೆ ಅಂಟಿ, ಫಲಿತಾಂಶ ಕಡಿಮೆ ಬರುತ್ತದೆ. ಪಾಚಿಗಟ್ಟಿದ ನೀರಿನಲ್ಲಿ ನಸುಕಿಗೆ ಆಮ್ಲಜನಕ ತಾನಾಗಿಯೇ ಕುಸಿಯುತ್ತದೆ. ಕಾರ್ಖಾನೆಯವರು ಹಿಡಿಯುವ ವಾದ ಅದೇ. ತ್ಯಾಜ್ಯ ಸೇರುವ ಜಾಗಕ್ಕಿಂತ ಮೇಲಿನ ನೀರನ್ನೂ ಅದೇ ಹೊತ್ತಿಗೆ ತೆಗೆಸಿದರೆ ಆ ವಾದ ನಿಲ್ಲುವುದು ಕಷ್ಟ.

ಸೇಡಂ, ಚಿತ್ತಾಪುರದ ಸುಣ್ಣಕಲ್ಲು ಗಣಿಗಳ ಸುತ್ತ ಖಾತೆಯೇ ಬೇರೆ: ಜಿಲ್ಲಾ ಖನಿಜ ಪ್ರತಿಷ್ಠಾನ, ಅಂದರೆ ಗಣಿ ನಡೆಸುವವರು ಬಾಧಿತ ಊರುಗಳಿಗಾಗಿ ಕಟ್ಟುವ ಹಣದ ನಿಧಿ. ಗಣಿಯಿಂದ 15 ಕಿಲೋಮೀಟರ್ ಒಳಗಿನ ಹಳ್ಳಿಗಳು ನೇರ ಬಾಧಿತ. ನಿಧಿಯ ಕನಿಷ್ಠ 70 ಪ್ರತಿಶತ ಕುಡಿಯುವ ನೀರು, ಆರೋಗ್ಯ, ಮಾಲಿನ್ಯ ನಿಯಂತ್ರಣದಂಥ ಆದ್ಯತೆಗೆ ಹೋಗಬೇಕು. ಹಾಗಿದ್ದೂ ಇದು ಸಮುದಾಯ ಭವನ, ಕಮಾನುಗಳ ಪಾಲಾಗುವುದು ನನಗೆ ಸಹಿಸಲಾಗದ ಸಂಗತಿ. ಗ್ರಾಮಸಭೆಯ ಠರಾವಿನಲ್ಲಿ ‘ಧೂಳು ನಿಯಂತ್ರಣ’ ಎಂದಷ್ಟೇ ಬರೆಸಬೇಡಿ. ಯಾವ ರಸ್ತೆ, ಎಷ್ಟು ಉದ್ದ, ಯಾವ ಕೊಳವೆಬಾವಿ ಎಂದು ಬರೆಸಿ.

ಚಿಂಚೋಳಿ ವನ್ಯಜೀವಿಧಾಮದ ನೀರಿನ ಹೊಂಡ, ಕಾಡ್ಗಿಚ್ಚು ತಡೆಯುವ ಬೆಂಕಿ ರೇಖೆಗಳಿಗೆ ಕ್ಯಾಂಪಾ ನಿಧಿಯಿದೆ; ಅರಣ್ಯಭೂಮಿಯನ್ನು ಬೇರೆ ಕೆಲಸಕ್ಕೆ ಪಡೆದವರು ಪರಿಹಾರವಾಗಿ ಕಟ್ಟುವ ಹಣವಿದು. 2016ರ ಕಾಯ್ದೆಯಂತೆ ಇದರ 90 ಪ್ರತಿಶತ ರಾಜ್ಯದ್ದು. ಆದರೆ ಹಣ ಬಿಡುಗಡೆಯಾಗುವುದು ಅನುಮೋದಿತ ವಾರ್ಷಿಕ ಯೋಜನೆಗೆ ಮಾತ್ರ. ಏಪ್ರಿಲ್ ಬಿಸಿಲಿನಲ್ಲಿ ಹೊಂಡ ಕೇಳಿದರೆ ಆ ಬೇಸಿಗೆಗೆ ಸಿಗದು. ದೀಪಾವಳಿ ಹೊತ್ತಿಗೇ ವಲಯ ಅರಣ್ಯಾಧಿಕಾರಿಗೆ ಜಾಗದ ಹೆಸರು ಸಮೇತ ಬೇಡಿಕೆ ಕೊಡಿ.