ಕಿವಿಗೆ ಒಂದೇ, ಕಾಗದದಲ್ಲಿ ಎರಡು: ಡ್ಯಾನಿಶ್ ‘ಅಟ್’ ಜೊತೆ ಒಂದು ತಿಂಗಳು

ಮೊನ್ನೆ ರಾತ್ರಿಯ ಡ್ಯಾನಿಶ್ ಉಕ್ತಲೇಖನದಲ್ಲಿ ಇಪ್ಪತ್ತು ವಾಕ್ಯಕ್ಕೆ ಒಂದೇ ತಪ್ಪು! ತಿಂಗಳ ಹಿಂದೆ ಇದೇ ಇಪ್ಪತ್ತರಲ್ಲಿ ಒಂಬತ್ತು ತಪ್ಪಿದ್ದವು. ಒಂಬತ್ತೂ ‘ಅಟ್’ (ಕ್ರಿಯಾಪದದ ಮೂಲರೂಪಕ್ಕೆ ಮೊದಲು ಬರುವ ಪುಟ್ಟ ಪದ) ಮತ್ತು ‘ಓಗ್’ (‘ಮತ್ತು’) ಅದಲು ಬದಲಾದವೇ. (ಡ್ಯಾನಿಶ್ ಪದಗಳನ್ನು ಸ್ಪೆಲಿಂಗ್ ನೋಡಿ ಬರೆದಿದ್ದೇನೆ. ಕೇಳಿಸಿದ ಹಾಗೆ ಬರೆದರೆ ಈ ಸಮಸ್ಯೆ ಕಣ್ಣಿಗೇ ಬೀಳುವುದಿಲ್ಲ.)

ಕಾನ್ (ಬಲ್ಲೆ), ಸ್ಕಲ್ (ಬೇಕು), ವಿಲ್ (ಬಯಸು), ಮೋ (ಬಹುದು) ಆದಮೇಲೆ ಅಟ್ ಬರುವುದಿಲ್ಲ, ವೆದ್ (ಮೂಲಕ), ಫಾರ್ (-ಗೋಸ್ಕರ), ಉದೆನ್ (ಇಲ್ಲದೆ) ಆದಮೇಲೆ ಕ್ರಿಯಾಪದ ಬಂದರೆ ನಡುವೆ ಅಟ್ ಬೇಕು. ಇದೆಲ್ಲ ಸಾದಾ ನಿಯಮ. ನನ್ನನ್ನು ಕಾಡಿದ್ದು ಬೇರೆ. ‘ಮತ್ತು’ ಅನ್ನುವ ಓಗ್, ಕ್ರಿಯಾಪದಕ್ಕೆ ಮೊದಲು ಬರುವ ಅಟ್, ಎರಡನ್ನೂ ಮಾತಿನಲ್ಲಿ ‘ಒ’ ಅಂದು ಮುಗಿಸುತ್ತಾರೆ. ‘ಎಂದು’ ಅನ್ನುವ ಇನ್ನೊಂದು ಅಟ್‌ನಲ್ಲಾದರೂ ‘ಅ’ಕಾರ ಕೇಳುತ್ತದೆ, ಇದರಲ್ಲಿ ಅದೂ ಇಲ್ಲ.

ಮುಂದಿನ ಪದದ ಬಾಲ ಕೇಳಿಸಿಕೊಂಡರೆ ಸಾಕು ಅಂದುಕೊಂಡಿದ್ದೆ. ‘ಸಿದ್ದೆರ್ ಓಗ್ ಲೇಸೆರ್’, ಕೂತು ಓದುತ್ತಿದ್ದೇನೆ. ‘ಪ್ರೋವೆರ್ ಅಟ್ ಲೇಸೆ’, ಓದಲು ಪ್ರಯತ್ನಿಸುತ್ತಿದ್ದೇನೆ. ಕೊನೆಯಲ್ಲಿ ರ್ ಇದ್ದರೆ ಓಗ್, ಬರೀ ಎ ಇದ್ದರೆ ಅಟ್. ಆದರೆ ಹೋರೆ ಮತ್ತು ಹೋರೆರ್ (ಕೇಳು), ಲೇರೆ ಮತ್ತು ಲೇರೆರ್ (ಕಲಿ), ಕೋರೆ ಮತ್ತು ಕೋರೆರ್ (ಗಾಡಿ ಓಡಿಸು), ಇವುಗಳ ಉಚ್ಚಾರ ಒಂದೇ. ನೂರು ಸಲ ಹಿಂದಕ್ಕೆ ತಿರುಗಿಸಿ ಕೇಳಿದರೂ ಅಲ್ಲಿಲ್ಲದ ವ್ಯತ್ಯಾಸ ಎಲ್ಲಿಂದ ಸಿಗಬೇಕು?

ಎರಡನೇ ಉಪಾಯ, ಇಡೀ ವಾಕ್ಯವನ್ನು ಭೂತಕಾಲಕ್ಕೆ ತಿರುಗಿಸುವುದು. ‘ಸಾದ್ ಓಗ್ ಹೋರ್ತೆ’ಯಲ್ಲಿ (ಕೂತು ಕೇಳುತ್ತಿದ್ದೆ) ಎರಡೂ ಕ್ರಿಯಾಪದ ಬದಲಾಗುತ್ತವೆ. ‘ಪ್ರೋವೆದೆ ಅಟ್ ಹೋರೆ’ಯಲ್ಲಿ (ಕೇಳಲು ಪ್ರಯತ್ನಿಸಿದೆ) ಮೊದಲನೆಯದು ಮಾತ್ರ. ಇದರಿಂದ ಒಂಬತ್ತು ತಪ್ಪು ನಾಲ್ಕಕ್ಕೆ ಇಳಿಯಿತು, ಅಲ್ಲೇ ನಿಂತುಬಿಟ್ಟಿತು.

ಈ ನಡುವೆ ಆನ್‌ಲೈನ್‌ನಲ್ಲಿ ತರಿಸಿದ ಹಳೆಯ ಪುಸ್ತಕದ ಮಾತು ಹೇಳಲೇಬೇಕು. ‘ಆಧುನಿಕ ವ್ಯಾಕರಣ’ ಅಂತ ಹಾಕಿ ಮಾರಿದವರು ಕಳಿಸಿದ್ದು 1948ರ ಕಾಗುಣಿತ ಸುಧಾರಣೆಗೂ ಮುಂಚಿನದು! ನಾಮಪದಗಳಿಗೆಲ್ಲ ದೊಡ್ಡಕ್ಷರ, ತಲೆ ಮೇಲೆ ಉಂಗುರವಿರುವ ಅಕ್ಷರದ ಜಾಗದಲ್ಲಿ ಜೋಡಿ ಎ. ವಾಪಸ್ ತೆಗೆದುಕೊಳ್ಳಿ ಅಂದರೆ ಉತ್ತರವಿಲ್ಲ. ಸಿಟ್ಟಿನಲ್ಲೇ ಪುಟ ತಿರುವಿದಾಗ ಒಂದು ವಿಷಯ ಸಿಕ್ಕಿತು. ಆ ಕಾಲದಲ್ಲಿ ಕಾನ್‌ನ ಭೂತಕಾಲಕ್ಕೆ ‘ಕುಂದೆ’, ಮೂಲರೂಪಕ್ಕೆ ‘ಕುನ್ನೆ’ ಅಂತ ಬರೆಯುತ್ತಿದ್ದರು. 1948ರಿಂದ ಎರಡೂ ‘ಕುನ್ನೆ’. ಸ್ಕಲ್, ವಿಲ್‌ಗಳ ಸ್ಕುಲ್ಲೆ, ವಿಲ್ಲೆ ಕಥೆಯೂ ಇದೇ. ಹಾಗಾಗಿ ಅಟ್ ಆದಮೇಲೆ ಕುನ್ನೆ ಕಂಡು ‘ಇದು ಭೂತಕಾಲ’ ಅಂದುಕೊಂಡರೆ ಕೆಟ್ಟಿತು. ದುಡ್ಡು ಪೂರ್ತಿ ದಂಡವಾಗಲಿಲ್ಲ ಅನ್ನಿ.

    

ಉಳಿದ ನಾಲ್ಕು ತಪ್ಪುಗಳದ್ದು ಒಂದೇ ಜಾತಿ. ‘ಯೆಗ್ ವಿಲ್ ಸಿದ್ದೆ ಓಗ್ ಲೇಸೆ.’ ವಿಲ್ ಇರುವುದರಿಂದ ಎರಡೂ ಕ್ರಿಯಾಪದ ಎ ಬಾಲದವೇ. ಭೂತಕಾಲಕ್ಕೆ ತಿರುಗಿಸಿದರೆ ವಿಲ್ ಹೋಗಿ ವಿಲ್ಲೆ ಆಗುತ್ತದೆ, ಮಿಕ್ಕಿದ್ದು ಕದಲುವುದಿಲ್ಲ. ನಾನು ನಾಲ್ಕೂ ಕಡೆ ಅಟ್ ಬರೆದಿದ್ದೆ.

ದಾರಿ ಹೊಳೆದದ್ದು ಅಮ್ಮನ ಜೊತೆ ಫೋನಿನಲ್ಲಿ. ‘ಇವತ್ತು ಕೂತ್ಕೊಂಡು ಓದಬೇಕಮ್ಮ’ ಅಂದೆ. ಅಂದದ್ದೇ ತಡ, ಪೆನ್ನು ಹುಡುಕಿದೆ. ಕೂತ್ಕೊಂಡು ಓದು! ಸಿದ್ದೆ ಓಗ್ ಲೇಸೆ ಅಂದರೆ ಇದೇ ತಾನೇ? ಕೂತು, ನಿಂತು, ಮಲಗಿ ಮಾಡುವ ಕೆಲಸಕ್ಕೆ ನಾವು ‘-ಕೊಂಡು’ ಹಾಕುವ ಕಡೆ ಅವರು ಓಗ್ ಹಾಕುತ್ತಾರೆ. ನಾವು ‘ಓದೋಕೆ’, ‘ಓದಲು’ ಅನ್ನುವ ಕಡೆ ಅಟ್. ‘ಓದೋಕೆ ಶುರು ಮಾಡಿದೆ’, ಬೆಗುಂತೆ ಅಟ್ ಲೇಸೆ. ‘ಓದೋದನ್ನ ಮರೆತೆ’, ಗ್ಲೆಮ್ತೆ ಅಟ್ ಲೇಸೆ. ಇನ್ನು ‘ಓದಬೇಕು’, ‘ಓದಬಹುದು’, ‘ಓದಬಲ್ಲೆ’ ನೋಡಿ: ಅಲ್ಲಿ ನಮ್ಮಲ್ಲೂ ‘ಓದಲು’ವಿನ ‘ಲು’ ಇಲ್ಲ, ಬರೀ ‘ಓದ’. ಅವರಲ್ಲೂ ಸ್ಕಲ್, ಮೋ, ಕಾನ್ ಆದಮೇಲೆ ಬರೀ ಲೇಸೆ. ಡೆನ್ಮಾರ್ಕಿನ ವ್ಯಾಕರಣಕ್ಕೆ ಮನೆಮಾತೇ ಕೈಪಿಡಿಯಾಗಿ ಒದಗಿದ ಆ ಸಂಜೆಯ ಖುಷಿಯನ್ನು ಹೇಗೆ ಹೇಳಲಿ!

ಉಳಿದ ಆ ಒಂದು ತಪ್ಪು: ‘ಪ್ರೋವ್ ಅಟ್ ಸ್ಮಾಗೆ ಸುಪ್ಪೆನ್.’ ನಾವು ಇದನ್ನು ‘ಸೂಪ್ ಕುಡಿದು ನೋಡು’ ಅನ್ನುತ್ತೇವೆ. ‘ಕುಡಿದು’ ಬಂತು ಅಂತ ಧೈರ್ಯವಾಗಿ ಓಗ್ ಬರೆದೆ. ತಪ್ಪು. ‘ಮಾಡಿ ನೋಡು’ವಿನ ‘ನೋಡು’ ನೋಡುವುದಲ್ಲ, ಪ್ರಯತ್ನಿಸುವುದು. ಹಾಗಾಗಿ ಅಲ್ಲಿ ಅಟ್ ಬೇಕು. ಡ್ಯಾನಿಶರೂ ಇಲ್ಲಿ ಓಗ್ ಬರೆದುಬಿಡುವುದುಂಟು. ಈ ಒಂದು ಕ್ರಿಯಾಪದಕ್ಕೆ ಬೇರೆಯೇ ಕೆಂಪು ಕಾರ್ಡ್ ಮಾಡಿ ನನ್ನ ಅಭ್ಯಾಸದ ಕಾರ್ಡ್‌ಗಳ ಕಟ್ಟಿನ ಮೇಲಿಟ್ಟಿದ್ದೇನೆ. ನಾಳೆ ಬೆಳಿಗ್ಗೆ ಅದೇ ಮೊದಲು.