ಪ್ಲೇನ್ಸ್‌ಬರೋದಲ್ಲಿ ವರ್ಷವಿಡೀ ಸ್ನೋ ಇರುತ್ತಾ?

ಇಲ್ಲ. ಇರಲ್ಲ. ಇನ್ನು ಮುಂದೆ ಯಾರು ಕೇಳಿದರೂ ಈ ಬರಹ ಕಳಿಸಿ ಸುಮ್ಮನಾಗುತ್ತೇನೆ.

ನಾನಿರುವ ಈ ಪ್ಲೇನ್ಸ್‌ಬರೋ ಇರುವುದು ಅಮೆರಿಕದ ನ್ಯೂಜೆರ್ಸಿಯಲ್ಲಿ, ಪ್ರಿನ್ಸ್‌ಟನ್ ಪಕ್ಕ. ಸ್ನೋ ಬೀಳುವುದು ಹೆಚ್ಚಾಗಿ ಡಿಸೆಂಬರಿನಿಂದ ಮಾರ್ಚ್‌ವರೆಗೆ. ಕೆಲವು ವರ್ಷ ನೆಪಕ್ಕೆ ಬೀಳುತ್ತದೆ, ಕೆಲವು ವರ್ಷ ಒಂದೇ ರಾತ್ರಿಗೆ ಕಾರು ಮುಚ್ಚಿಹೋಗುತ್ತದೆ. ಬಿದ್ದ ಸ್ನೋಗೆ ನಾನು ಹೆದರಲ್ಲ. ಹಗಲು ಕರಗಿದ ನೀರು ರಾತ್ರಿ ಗಟ್ಟಿಯಾಗಿ, ಬೆಳಿಗ್ಗೆ ಕಣ್ಣಿಗೆ ಕಾಣದ ಹಾಗೆ ರಸ್ತೆಗೆ ಅಂಟಿಕೊಂಡಿರುತ್ತದಲ್ಲ, ಅದಕ್ಕೆ ಹೆದರಬೇಕು. ಜುಲೈನಲ್ಲಿ ಮಾತ್ರ ಮಂಗಳೂರಿನ ಥರ ಬೆವರು. ಮಳೆಗೆ ಮುಂಗಾರು, ಹಿಂಗಾರು ಅಂತೇನಿಲ್ಲ, ಹನ್ನೆರಡು ತಿಂಗಳೂ ಬರುತ್ತದೆ. 2012ರ ಅಕ್ಟೋಬರಿನಲ್ಲಿ ಸ್ಯಾಂಡಿ, 2021ರ ಸೆಪ್ಟೆಂಬರ್ 1ರ ರಾತ್ರಿ ಐಡಾ. ನ್ಯೂಜೆರ್ಸಿಯವರು ಇಂದಿಗೂ ಹೆಸರು ಹಿಡಿದು ನೆನೆಯುವುದು ಆ ಬಿರುಗಾಳಿಗಳನ್ನು, ಸ್ನೋವನ್ನಲ್ಲ.

ದಾವಣಗೆರೆಯ ಒಂದು ಮದುವೆಯಲ್ಲಿ, ಪಂಕ್ತಿಯಲ್ಲಿ ಪಕ್ಕ ಕೂತ ದೊಡ್ಡಪ್ಪ ಒಬ್ಬರಿಗೆ ಇದನ್ನೆಲ್ಲ ವಿವರಿಸಿದೆ. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಕೇಳಿಸಿಕೊಂಡರು. ಆಮೇಲೆ, "ನಮ್ಮ ಹುಡುಗ ಚಿಕಾಗೋದಲ್ಲಿದ್ದಾನೆ. ಅಲ್ಲಿ ಮೈನಸ್ ಇಪ್ಪತ್ತಂತೆ. ನಿಂದೇನೂ ಇಲ್ಲ ಬಿಡಪ್ಪ" ಅಂದರು. ನಮ್ಮೂರು ಫೇಲಾಯಿತು!

ಒಬ್ಬರಾದರೂ "ಪ್ಲೇನ್ಸ್‌ಬರೋದ ಅಪಾರ್ಟ್‌ಮೆಂಟುಗಳಿಗಿಂತ ಮೊದಲು ಅಲ್ಲಿ ಏನಿತ್ತು?" ಅಂತ ಕೇಳಬಾರದಾ? ಹಸುಗಳಿದ್ದವು ಸ್ವಾಮಿ. 1919ರಲ್ಲಿ ಕ್ರ್ಯಾನ್‌ಬರಿ ಮತ್ತು ಸೌತ್ ಬ್ರನ್ಸ್‌ವಿಕ್‌ನಿಂದ ಬೇರೆಯಾದ ಈ ಪುಟ್ಟ ಟೌನ್‌ಶಿಪ್ಪಿನಲ್ಲಿ ವಾಕರ್-ಗಾರ್ಡನ್ ಅನ್ನುವ ದೊಡ್ಡ ಡೇರಿ ಇತ್ತು. ಅಲ್ಲಿ 1930ರಲ್ಲಿ ರೋಟೋಲ್ಯಾಕ್ಟರ್ ಶುರುವಾಯಿತು. ನಿಧಾನಕ್ಕೆ ತಿರುಗುವ ದೊಡ್ಡ ಕಟ್ಟೆ ಅದು. ಒಂದು ಸಲಕ್ಕೆ 50 ಹಸು. ಹಸು ಹತ್ತಿ ನಿಲ್ಲುತ್ತದೆ, ಕೆಚ್ಚಲು ತೊಳೆಯುತ್ತಾರೆ, ಮಷೀನು ಹಾಲು ಕರೆಯುತ್ತದೆ, ಒಂದು ಸುತ್ತು ಮುಗಿಯುವಷ್ಟರಲ್ಲಿ ಇಳಿದು ಹೊರಟುಹೋಗುತ್ತದೆ.

1939ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ಬೋರ್ಡನ್ ಹಾಲಿನ ಕಂಪನಿ ಈ ಯಂತ್ರ ಇಟ್ಟಿತ್ತು. ಬಂದ ಜನ ಯಂತ್ರ ನೋಡಿ, "ಇದರಲ್ಲಿ ಎಲ್ಸಿ ಯಾವುದು?" ಅಂತ ಕೇಳತೊಡಗಿದರು. ಎಲ್ಸಿ ಅಂದರೆ ಕಂಪನಿಯ ಜಾಹೀರಾತಿನಲ್ಲಿದ್ದ ಚಿತ್ರದ ಹಸು! ಕೊನೆಗೆ ಒಂದು ಚೆಂದದ ಜರ್ಸಿ ಹಸುವನ್ನೇ ಎಲ್ಸಿ ಮಾಡಿದರು. 1941ರಲ್ಲಿ ಲಾರಿ ಅಪಘಾತದಲ್ಲಿ ಗಾಯಗೊಂಡು ಸತ್ತಳು. ಅವಳ ನೆನಪಿನ ಕಲ್ಲು ನಮ್ಮೂರಲ್ಲೇ ಇದೆ. ವಾಕರ್-ಗಾರ್ಡನ್ ಡೇರಿಯಲ್ಲಿ 1971ರಲ್ಲಿ ಹಾಲು ಕರೆಯುವುದು ನಿಂತಿತು, ಈಗ ಆ ಜಾಗದಲ್ಲಿ ಮನೆಗಳಿವೆ.

ಹಾಗಾಗಿ ಮುಂದಿನ ಮದುವೆಯಲ್ಲಿ ಸಿಕ್ಕರೆ, ಎಲ್ಸಿ ಹೊತ್ತಿಗೆ ಎಷ್ಟು ಲೀಟರ್ ಕೊಡುತ್ತಿದ್ದಳು ಅಂತ ಬೇಕಾದರೂ ಕೇಳಿ. ಹುಡುಕಿ ತಂದು ಹೇಳುತ್ತೇನೆ.